07/05 ಅಂದರೆ ಯಾವ ದಿನ?

ಈ ಸಲದ ಕಂತಿನಲ್ಲಿ ನಕ್ಷತ್ರ, ಜೀನ್, ರಾಕೆಟ್ ಯಾವುದೂ ಇಲ್ಲ. ನಿಮ್ಮ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುವ ತಾರೀಖು ಮತ್ತು ಗಡಿಯಾರದ ಬಗ್ಗೆ ಮಾತಾಡೋಣ. ಇಷ್ಟು ಸಣ್ಣ ವಿಷಯಕ್ಕೆ ಒಂದು ಕಂತಾ ಅಂತ ನೀವು ಕೇಳಬಹುದು. ಅಪ್ಪನ ತೋಳಿನ ಮೇಲೆ ನೀಲಿ ಕಲೆ ಕಾಣುವ ತನಕ ನಾವೂ ಹಾಗೇ ಅಂದುಕೊಂಡಿದ್ದೆವು.

ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿರುವ ನಮ್ಮ ಮನೆಗೆ ಒಂದು ಏಪ್ರಿಲ್‌ನಲ್ಲಿ ಅಪ್ಪ ಹಾಸನದಿಂದ ಬಂದರು. ಹೃದಯದ ತೊಂದರೆಗೆ ವಾರ್ಫರಿನ್ ತಗೊಳ್ತಾ ಇದ್ದರು. ರಕ್ತ ಸುಲಭವಾಗಿ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅದು. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಅದರ ಪ್ರಮಾಣವನ್ನು ಸರಿಪಡಿಸುತ್ತಿರಬೇಕು. ಕಡಿಮೆಯಾದರೆ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಊರಿನ ವೈದ್ಯರು ಚೀಟಿಯಲ್ಲಿ 'ಮುಂದಿನ ಪರೀಕ್ಷೆ 07/05' ಅಂತ ಬರೆದಿದ್ದರು. ಅಂದರೆ ಮೇ 7. ಆದರೆ ನಮ್ಮ ಲ್ಯಾಪ್‌ಟಾಪ್ ತೋರಿಸುತ್ತಿದ್ದದ್ದು ಅಮೆರಿಕದ ಕ್ರಮ, ತಿಂಗಳು ಮೊದಲು, ದಿನ ಆಮೇಲೆ. ವರ್ಷಗಟ್ಟಲೆ ಅದನ್ನೇ ನೋಡಿ ಪಳಗಿದ್ದ ನಮ್ಮ ಕಣ್ಣು ಜುಲೈ 5 ಅಂತ ಓದಿಕೊಂಡಿತು. ಕ್ಯಾಲೆಂಡರ್‌ಗೂ ಹಾಗೇ ಹಾಕಿದೆವು. ಜೂನ್ ಮಧ್ಯದಲ್ಲಿ ಕಲೆಗಳು ಕಂಡವು. ಓಡಿಹೋಗಿ ಪರೀಕ್ಷೆ ಮಾಡಿಸಿದರೆ ಔಷಧದ ಪರಿಣಾಮ ಮಿತಿ ಮೀರಿತ್ತು. ಪ್ರಮಾಣ ಇಳಿಸಿದ ಮೇಲೆ ಅಪ್ಪ ಸರಿಹೋದರು. ತಪ್ಪು ಚೀಟಿ ಬರೆದವರದ್ದಲ್ಲ, ಓದಿದ ನಮ್ಮದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಪ್ರತಿ ತಿಂಗಳ ಮೊದಲ 12 ದಿನಗಳನ್ನು ಎರಡೂ ಕ್ರಮದಲ್ಲಿ ಓದಬಹುದು. 12 ತಿಂಗಳಿಗೆ 144 ದಿನ. ಅದರಲ್ಲಿ 1/1, 2/2 ಥರದ 12 ದಿನ ಹೇಗೆ ಓದಿದರೂ ಒಂದೇ. ಉಳಿದದ್ದು 132. ಅಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಿನಗಳಿಗೆ ಎರಡೆರಡು ಅರ್ಥ! 25/05 ಅಂತಿದ್ದಿದ್ದರೆ ನಾವು ಎಡವುತ್ತಿರಲಿಲ್ಲ, 25ನೇ ತಿಂಗಳು ಅನ್ನೋದೇ ಇಲ್ಲವಲ್ಲ. ಈ ತಪ್ಪು ಅಪಾಯಕಾರಿಯಾಗುವುದು ಅದಕ್ಕೇ. ಅದು ಪ್ರತಿ ಸಲ ಆಗಲ್ಲ, ಆದಾಗ ಗೊತ್ತೂ ಆಗಲ್ಲ.

ಗಡಿಯಾರದ ಕಥೆಯೂ ಹೀಗೇ. ಮೊದಲು ಅಮೆರಿಕದ ಒಂದೊಂದು ಊರಿಗೂ ಅದರದೇ ಮಧ್ಯಾಹ್ನ ಇತ್ತು. ರೈಲು ಕಂಪನಿಗಳವರು 1883ರ ಅಕ್ಟೋಬರ್‌ನಲ್ಲಿ ಇದೇ ಶಿಕಾಗೋದಲ್ಲಿ ಸಭೆ ಸೇರಿ ಕಾಲವಲಯಗಳನ್ನು ಒಪ್ಪಿಕೊಂಡರು, ನವೆಂಬರ್ 18ರಿಂದ ಜಾರಿಗೆ ತಂದರು. ಆದರೂ ಗೊಂದಲ ಪೂರ್ತಿ ಹೋಗಿಲ್ಲ. ಚಳಿಗಾಲದಲ್ಲಿ ಇಟಾಸ್ಕಾಕ್ಕೂ ಹಾಸನಕ್ಕೂ ಹನ್ನೊಂದೂವರೆ ಗಂಟೆ ಅಂತರ. ಮಾರ್ಚ್‌ನ ಎರಡನೇ ಭಾನುವಾರ ಇಲ್ಲಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದ ಮೇಲೆ ಹತ್ತೂವರೆ. ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹನ್ನೊಂದೂವರೆ. ಡೆಟ್ರಾಯ್ಟ್ ಕಡೆಯ ನಮ್ಮ ನೆಂಟರ ಲೆಕ್ಕ ಇದಕ್ಕಿಂತ ಒಂದು ಗಂಟೆ ಕಡಿಮೆ. ಇದನ್ನೆಲ್ಲ ಬೆರಳೆಣಿಸಿ ಮಾಡುವುದು ಬೇಡ ಅನ್ನುವುದು ನಮ್ಮ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ತಿಂಗಳನ್ನು ಅಂಕಿಯಲ್ಲಿ ತೋರಿಸಬೇಡಿ, ಹೆಸರಿನಲ್ಲಿ ತೋರಿಸಿ. ವಿಂಡೋಸ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ಗೆ ಹೋಗಿ, ಅಡಿಷನಲ್ ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್ ಡೇಟ್ ಜಾಗದಲ್ಲಿ ಎರಡು ಸಣ್ಣ ಡಿ, ಮೂರು ದೊಡ್ಡ ಎಂ, ನಾಲ್ಕು ಸಣ್ಣ ವೈ ಹಾಕಿ, ನಡುವೆ ಜಾಗ ಬಿಡಿ. ಅಲ್ಲಿ ದೊಡ್ಡ ಎಂ ಅಂದರೆ ತಿಂಗಳು, ಸಣ್ಣ ಎಂ ಅಂದರೆ ನಿಮಿಷ. ಲಿನಕ್ಸ್‌ನ ಶೇಕಡಾ ಚಿಹ್ನೆಯ ಸಂಕೇತಗಳಲ್ಲಿ ಇದು ತದ್ವಿರುದ್ಧ, ಅಲ್ಲಿ ದೊಡ್ಡ ಎಂ ನಿಮಿಷ! ಪ್ರಾದೇಶಿಕ ನಮೂನೆಯನ್ನು ಕನ್ನಡಕ್ಕೆ ಬದಲಿಸಿದರೆ, ಉಳಿದದ್ದೆಲ್ಲ ಇಂಗ್ಲಿಷಿನಲ್ಲೇ ಇದ್ದರೂ ತಿಂಗಳು ಮಾತ್ರ ಕನ್ನಡದಲ್ಲಿ ಬರುತ್ತೆ. ವಿಂಡೋಸ್‌ನಲ್ಲಿ ಇನ್ನೆರಡು ಗಡಿಯಾರ ಸೇರಿಸುವುದಕ್ಕೂ ಅವಕಾಶ ಇದೆ. ಒಂದನ್ನು ಭಾರತಕ್ಕೆ ಕೊಡಿ. ಗಂಟೆಗಳ ವ್ಯತ್ಯಾಸ ಕೂಡಿಸಿ ಕಳೆಯುವ ಕೆಲಸ ಅದರದ್ದು.

ಒಂದು ಎಚ್ಚರಿಕೆ. ಈ ಕ್ರಮ ಬದಲಿಸಿದರೆ ಎಕ್ಸೆಲ್‌ನಂಥ ಕಡೆ ನೀವು ಬರೀ ಅಂಕಿಯಲ್ಲಿ ಟೈಪ್ ಮಾಡಿದ ತಾರೀಖಿನ ಅರ್ಥವೂ ಬದಲಾಗಬಹುದು. ಆಫೀಸ್ ಕೆಲಸದ ಯಂತ್ರದಲ್ಲಿ ಮೊದಲು ಪರೀಕ್ಷಿಸಿ ನೋಡಿ. ಫೈಲ್‌ಗಳ ಹೆಸರಿಗಾದರೆ ವರ್ಷ, ತಿಂಗಳು, ದಿನ ಅನ್ನುವ ಐಎಸ್‌ಒ 8601 ಕ್ರಮವೇ ಚೆನ್ನ. ಹೆಸರಿನ ಪ್ರಕಾರ ಜೋಡಿಸಿದರೆ ಕಾಲದ ಪ್ರಕಾರವೂ ಜೋಡಣೆಯಾಗುತ್ತೆ.

'ಅಮೆರಿಕದಲ್ಲಿದ್ದೀರಿ, ಇಲ್ಲಿನ ಕ್ರಮಕ್ಕೇ ಒಗ್ಗಿಕೊಳ್ಳಿ' ಅನ್ನುವ ಗೆಳೆಯರೂ ನಮಗಿದ್ದಾರೆ. ನಾವು ಒಗ್ಗಿಕೊಂಡಿದ್ದೆವು, ಅದೇ ತೊಂದರೆಯಾಗಿದ್ದು. ಎರಡು ದೇಶಗಳ ಚೀಟಿ, ಟಿಕೆಟ್, ಔಷಧ ಒಂದೇ ಮೇಜಿನ ಮೇಲಿರುವ ಮನೆಗಳಲ್ಲಿ ಯಾವ ಕ್ರಮ ಸರಿ ಅಂತ ವಾದಿಸಿ ಲಾಭವಿಲ್ಲ. 'ಮೇ 7' ಅಂತ ಬರೆದರೂ '7 ಮೇ' ಅಂತ ಬರೆದರೂ ಹಾಸನದಲ್ಲೂ ಇಟಾಸ್ಕಾದಲ್ಲೂ ಅದು ಅದೇ ದಿನ.

ಕಂತು ಮುಗಿದ ಕೂಡಲೇ ಎರಡು ನಿಮಿಷ ಕೊಟ್ಟು ಇದನ್ನು ಸರಿಮಾಡಿಕೊಳ್ಳಿ. ಹಾಗೇ ಊರಿಂದ ಬಂದವರ ಚೀಟಿ ಮನೆಯಲ್ಲಿದ್ದರೆ, ಅದರಲ್ಲಿರುವ ತಾರೀಖನ್ನು ಅವರಿಂದಲೇ ಒಮ್ಮೆ ಬಾಯಿಬಿಟ್ಟು ಹೇಳಿಸಿ.