ನಲವತ್ತು ಪ್ರತಿ, ಒಂದೇ ಸಾಕ್ಷಿ

ಡಿಗ್ರಿ ಎರಡನೇ ವರ್ಷದ ಇಂಟರ್ನಲ್ಸ್‌ನಲ್ಲಿ ನಾವು ಹನ್ನೊಂದು ಮಂದಿ ಒಂದೇ ಅರ್ಥವಿಲ್ಲದ ವಾಕ್ಯ ಬರೆದಿದ್ದೆವು. ಸೀನಿಯರ್ ಒಬ್ಬರ ನೋಟ್ಸ್ ಕೈಯಿಂದ ಕೈಗೆ ನಕಲಾಗಿ ನಮ್ಮವರೆಗೆ ಬರುವಷ್ಟರಲ್ಲಿ ನಡುವಿನ ಒಂದು ಸಾಲೇ ಬಿಟ್ಟುಹೋಗಿತ್ತು. ಮೇಷ್ಟ್ರು ಬೈಯಲಿಲ್ಲ. ‘ಸರಿ ಉತ್ತರ ಒಂದೇ ಥರ ಇದ್ರೆ ಯಾರು ಯಾರದ್ದು ನೋಡಿದ್ರು ಅಂತ ಹೇಳೋಕಾಗಲ್ಲ. ತಪ್ಪು ಒಂದೇ ಥರ ಇದ್ರೆ ಗೊತ್ತಾಗುತ್ತೆ’ ಎಂದು ನಕ್ಕರು.

ಎಂ.ಎ.ಯಲ್ಲಿ ಗ್ರಂಥಸಂಪಾದನೆ ಓದುವಾಗ ಆ ಮಾತು ಮತ್ತೆ ನೆನಪಾಯಿತು. ಮಧ್ಯಯುಗದ ಲ್ಯಾಟಿನ್ ಧರ್ಮಗ್ರಂಥಗಳನ್ನು ಹಸ್ತಪ್ರತಿಗಳಿಂದ ಸಂಪಾದಿಸುವವರು ನೆಚ್ಚಿಕೊಂಡಿರುವ ಸೂತ್ರವೂ ಅದೇ.

1274ರಲ್ಲಿ ತೀರಿಕೊಂಡ ಥಾಮಸ್ ಅಕ್ವಿನಾಸ್ ಅವರ ಕೃತಿಗಳನ್ನೇ ನೋಡಿ. ಅವರ ಕೈಬರಹ ಓದಲು ಬಾರದ್ದೆಂದೇ ಹೆಸರಾಗಿತ್ತು. ಆ ಕಾಲದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಪುಸ್ತಕ ವ್ಯಾಪಾರಿಗಳು ಮೂಲಪ್ರತಿಯನ್ನು ಬಿಡಿ ಕಂತುಗಳಾಗಿ ಬಾಡಿಗೆಗೆ ಕೊಡುತ್ತಿದ್ದರು. ಒಬ್ಬ ಮೂರನೇ ಕಂತು ನಕಲು ಮಾಡುವಾಗ ಇನ್ನೊಬ್ಬ ಏಳನೆಯದನ್ನು ಒಯ್ಯುತ್ತಿದ್ದ. ಅಂದಿನ ಜೆರಾಕ್ಸ್ ಅಂಗಡಿಯೇ ಅದು! ಆದರೆ ಒಂದು ಕಂತಿನಲ್ಲಿ ತಪ್ಪಿದ್ದರೆ ಅದರಿಂದಿಳಿದ ಪ್ರತಿಗಳಿಗೆಲ್ಲ ಆ ತಪ್ಪು ಹರಡುತ್ತಿತ್ತು. ಒಂದೇ ಪದ ಎರಡು ಕಡೆ ಬಂದರೆ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ, ನಡುವಿನದು ಮಾಯವಾಗುತ್ತಿತ್ತು.

ಹಾಗಾಗಿ ಸಂಪಾದಕರು ಪ್ರತಿಗಳನ್ನು ಸುಮ್ಮನೆ ಎಣಿಸುವುದಿಲ್ಲ. ಒಂದೇ ತಪ್ಪನ್ನು ಹಂಚಿಕೊಂಡ ಪ್ರತಿಗಳನ್ನು ಒಂದು ಕುಟುಂಬವೆಂದು ಗುರುತಿಸಿ ವಂಶವೃಕ್ಷ ಬರೆಯುತ್ತಾರೆ. ಒಂದೇ ತಾಯಿಪ್ರತಿಯಿಂದ ಹುಟ್ಟಿದ ನಲವತ್ತು ಪ್ರತಿಗಳು ಸೇರಿದರೂ ಒಂದೇ ಸಾಕ್ಷಿ. ಎರಡು ಪಾಠಗಳಿದ್ದರೆ ಸುಲಭವಾದದ್ದನ್ನೇ ಅವರು ಮೊದಲು ಅನುಮಾನಿಸುತ್ತಾರೆ. ಏಕೆಂದರೆ ಲಿಪಿಕಾರ ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದವಾಗಿ ‘ತಿದ್ದುವುದೇ’ ಹೆಚ್ಚು.

ಇದು ಅವಸರದ ಕೆಲಸವಲ್ಲ. ಅಕ್ವಿನಾಸ್ ಕೃತಿಗಳ ಸಂಪಾದನೆಗೆ ಪೋಪ್ 13ನೇ ಲಿಯೋ 1880ರಲ್ಲಿ ಮಂಡಳಿಯೊಂದನ್ನು ನೇಮಿಸಿದರು. ‘ಸುಮ್ಮಾ ಥಿಯೋಲಾಜಿಯೆ’ ಬೇಗ ಬರಲಿ ಎಂದು ಅವರು ಬಯಸಿದ್ದರಿಂದ ಕೆಲವೇ ಹಸ್ತಪ್ರತಿಗಳನ್ನು ನೋಡಿ ಅಚ್ಚು ಹಾಕಲಾಯಿತು. ಅದು ಸಾಲದೆಂದು ಮುಂದಿನ ವಿದ್ವಾಂಸರು ಹೇಳಿದರು. ಮಂಡಳಿಯ ಕೆಲಸ ಇಂದಿಗೂ ಮುಗಿದಿಲ್ಲ.

‘ಇದನ್ನೆಲ್ಲ ಓದಿದ್ರೆ ಕೆಲಸ ಸಿಗುತ್ತಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ಸಿಗದೇ ಇರಬಹುದು. ಆದರೆ ಕಳೆದ ವರ್ಷ ನೇಮಕಾತಿ ಪರೀಕ್ಷೆ ಮುಂದೂಡಿಕೆಯಾಗಿದೆ ಎಂಬ ಸಂದೇಶ ನಾಲ್ಕು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಬಂತು. ‘ನಾಲ್ಕು ಕಡೆ ಬಂದಿದೆ, ನಿಜಾನೇ ಇರಬೇಕು’ ಎಂದು ನನ್ನ ಗೆಳತಿ ಬಸ್ ಹತ್ತಲಿಲ್ಲ. ಪರೀಕ್ಷೆ ಅಂದೇ ನಡೆಯಿತು. ಆಮೇಲೆ ಆ ನಾಲ್ಕೂ ಸಂದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ನಾಲ್ಕರಲ್ಲೂ ‘ಮುಂದೂಡಿಕೆ’ ಎಂಬ ಪದದ ದೀರ್ಘ ಬಿಟ್ಟುಹೋಗಿತ್ತು. ಒಬ್ಬನೇ ಬರೆದದ್ದು ನಾಲ್ಕು ಬಾಯಲ್ಲಿ ಬಂದಿತ್ತು, ಅಷ್ಟೇ.

ಹಳೆಯ ಗ್ರಂಥಗಳ ಸಂಪಾದನೆ ಕೆಲಸಕ್ಕೆ ಬಾರದ ವಿದ್ಯೆ ಎನ್ನುವವರಿಗೆ ನಾನು ಈ ನಾಲ್ಕು ಸಂದೇಶಗಳ ಕಥೆ ಹೇಳುತ್ತೇನೆ. ಎಷ್ಟು ಮಂದಿ ಹೇಳಿದರು ಎಂದು ಲೆಕ್ಕ ಹಾಕುವ ಮೊದಲು, ಎಲ್ಲಿಂದ ಬಂತು ಎಂದು ಕೇಳುವುದನ್ನು ಆ ವಿದ್ಯೆ ಕಲಿಸುತ್ತದೆ. ನನ್ನ ಗೆಳತಿ ಈಗ ಮುಂದಿನ ಅಧಿಸೂಚನೆಗೆ ಕಾಯುತ್ತಿದ್ದಾಳೆ. ಈ ಸಲ ಇಲಾಖೆಯ ಜಾಲತಾಣವನ್ನು ತಾನೇ ತೆರೆದು ನೋಡುತ್ತಾಳೆ.