ಬಾಲದ ಫೋಟೋ ಇದ್ರೆ ಕೊಡಿ

ಹಂಪ್‌ಬ್ಯಾಕ್ ತಿಮಿಂಗಿಲ ಆಳಕ್ಕೆ ಮುಳುಗುವಾಗ ಬಾಲವನ್ನು ನೀರಿನಿಂದ ಮೇಲೆತ್ತುತ್ತೆ. ಆ ಬಾಲದ ಅಡಿಭಾಗದಲ್ಲಿ ಕಪ್ಪು-ಬಿಳುಪು ಮಚ್ಚೆಗಳು, ಹಳೇ ಗಾಯದ ಗೀರುಗಳು. ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ವಿಜ್ಞಾನಿಗಳು ದಶಕಗಳ ಕಾಲ ಇಂಥ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಬರೀ ಕಣ್ಣಲ್ಲೇ ಹೋಲಿಸ್ತಾ ಇದ್ದರು.

ಈಗ ಆ ಕೆಲಸ ಕಂಪ್ಯೂಟರಿನದು. ಪ್ರವಾಸಿಗರು ತೆಗೆದ ಫೋಟೋಗಳನ್ನೂ ಸೇರಿಸಿಕೊಳ್ಳುವ ‘ಹ್ಯಾಪಿವೇಲ್’ ಯೋಜನೆಯ ಚಿತ್ರಗಳನ್ನಿಟ್ಟುಕೊಂಡು ಕ್ಯಾಗಲ್‌ನಲ್ಲಿ ಒಂದು ಸ್ಪರ್ಧೆ ನಡೆದು 2019ರಲ್ಲಿ ಮುಗಿಯಿತು. ಸುಮಾರು 25 ಸಾವಿರ ಚಿತ್ರ, 5 ಸಾವಿರ ತಿಮಿಂಗಿಲ. ಎಷ್ಟೋ ತಿಮಿಂಗಿಲಗಳದ್ದು ಇದ್ದಿದ್ದೇ ಒಂದೊಂದು ಫೋಟೋ! ಮಷೀನ್ ಲರ್ನಿಂಗ್ ಮಾಡಿದವರಿಗೆ ಇದೆಂಥ ತಲೆನೋವು ಅಂತ ಗೊತ್ತಿರುತ್ತೆ. ಪ್ರಪಂಚದ ಎರಡು ಸಾವಿರಕ್ಕೂ ಹೆಚ್ಚು ತಂಡಗಳು ಅದಕ್ಕೆ ತಲೆಕೆಡಿಸಿಕೊಂಡವು.

ಅಷ್ಟೆಲ್ಲ ಮಾಡಿ ಏನು ಸಿಕ್ತು ಅಂತೀರಾ? ಉತ್ತರ ಪೆಸಿಫಿಕ್‌ನಲ್ಲಿ 2012ರ ಹೊತ್ತಿಗೆ 33 ಸಾವಿರ ದಾಟಿದ್ದ ಇವುಗಳ ಸಂಖ್ಯೆ 2021ಕ್ಕೆ 26 ಸಾವಿರದ ಆಸುಪಾಸಿಗೆ ಇಳಿದಿದೆ ಅಂತ ತಿಳಿದದ್ದು ಈ ಫೋಟೋಗಳಿಂದಲೇ. ನಡುವೆ ಸಮುದ್ರ ವಿಪರೀತ ಬಿಸಿಯಾಗಿ ಆಹಾರ ಕಡಿಮೆಯಾಗಿತ್ತು. ಬೇಟೆ ನಿಂತಿದೆ, ಇನ್ನೇನು ಚಿಂತೆಯಿಲ್ಲ ಅಂದುಕೊಂಡವರಿಗೆ ಇದೊಂದು ಎಚ್ಚರಿಕೆ.

ನನಗೆ ಹೆಚ್ಚು ಕಾಡೋದು ನಮ್ಮ ಅರಬ್ಬಿ ಸಮುದ್ರದ್ದು. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆಗೆ ವಲಸೆ ಹೋಗುತ್ತವೆ. ಇಲ್ಲಿಯವು ವರ್ಷವಿಡೀ ಇಲ್ಲೇ. 1966ರಲ್ಲಿ ಸೋವಿಯತ್ ಹಡಗುಗಳು ಕದ್ದುಮುಚ್ಚಿ 242 ತಿಮಿಂಗಿಲ ಕೊಂದವು. ಆಮೇಲೆ ಓಮಾನ್ ತೀರದಲ್ಲಿ ಫೋಟೋಗಳ ಆಧಾರದ ಮೇಲೆ ಅಂದಾಜಿಸಿದಾಗ ಸಿಕ್ಕ ಸಂಖ್ಯೆ ಬರೀ 82. ಒಂದು ಅಪಾರ್ಟ್‌ಮೆಂಟಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರ್ತಾರೆ. ಅಂಥದ್ದರಲ್ಲಿ ಒಂದೊಂದು ಬಲೆಗೆ ಸಿಕ್ಕರೂ ನಷ್ಟ ದೊಡ್ಡದೇ.

2017ರ ಕೊನೆಯಲ್ಲಿ ಅಲ್ಲೇ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ‘ಲುಬಾನ್’ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೂ ಬಂತು. ಅಂದರೆ ಇವು ಬರೀ ಓಮಾನಿನವಲ್ಲ, ನಮ್ಮವೂ ಹೌದು. ಆದರೆ ಒಂದು ಟ್ಯಾಗ್ ಒಂದೇ ತಿಮಿಂಗಿಲದ ಕಥೆ ಹೇಳುತ್ತೆ. ಉಳಿದವುಗಳ ಕಥೆ ನಮ್ಮ ಕಡೆಯ ಮೀನುಗಾರರು, ದೋಣಿಯವರು ನೋಡಿದ್ದರಲ್ಲೇ ಇರಬೇಕು.

ಸ್ಟೇಟಸ್‌ನಲ್ಲಿ ‘ಸೇವ್ ವೇಲ್ಸ್’ ಅಂತ ಹಾಕೋದಕ್ಕಿಂತ ಒಂದು ಸ್ಪಷ್ಟ ಫೋಟೋ ದೊಡ್ಡ ಕೊಡುಗೆ. ಸಮುದ್ರದಲ್ಲಿ ಎದುರಾದರೆ ಅಟ್ಟಿಸಿಕೊಂಡು ಹೋಗಬೇಡಿ. ದೂರದಿಂದಲೇ, ಹಿಂದಿನಿಂದ, ಬಾಲದ ಅಡಿಭಾಗ ಕಾಣುವಂತೆ ತೆಗೆಯಿರಿ. ದಿನಾಂಕ, ಸಮಯ, ಜಾಗ ಬರೆದಿಟ್ಟುಕೊಂಡು ಹ್ಯಾಪಿವೇಲ್‌ಗೆ ಕಳಿಸಿ. ಮಂಜುಮಂಜಾಗಿ ಬಂದಿದ್ದರೂ ಅಳಿಸಬೇಡಿ, ಅಂಚಿನ ಒಂದು ಕಚ್ಚು ಕಂಡರೂ ಕೆಲವೊಮ್ಮೆ ಸಾಕಾಗುತ್ತೆ.