ತಲೆಗೊಪ್ಪುವ ಹೆಲ್ಮೆಟ್

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಹಿರಿಯರು ಗದ್ದೆಗೆ ಇಳಿಯುವಾಗ ಅಡಿಕೆ ಹಾಳೆಯ ಮುಟ್ಟಾಳೆ ಧರಿಸುತ್ತಿದ್ದರು. ಅದನ್ನು ಮಾಡಿಕೊಡುತ್ತಿದ್ದ ವೃದ್ಧರೊಬ್ಬರು ಮೊದಲು ಒಂದು ಬಾಳೆನಾರನ್ನು ತಲೆಯ ಸುತ್ತ ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದರು. ಅಣ್ಣನ ಮುಟ್ಟಾಳೆ ತಮ್ಮನಿಗೆ ಒಪ್ಪುತ್ತಿರಲಿಲ್ಲ. ಹೊರೆ ಹೊತ್ತು ಗದ್ದೆಯ ಹುಣಿಯ ಮೇಲೆ ನಡೆಯುವವನಿಗೆ ಮುಟ್ಟಾಳೆ ಜಾರಿದರೆ ಹೊರೆಯೂ ಜಾರೀತು ಎಂಬುದು ಅವರಿಗೆಲ್ಲ ತಿಳಿದಿತ್ತು. ಇಷ್ಟು ಸರಳವಾದ ಪಾಠವನ್ನು ನಾನು ಅರವತ್ತು ದಾಟಿದ ಮೇಲೆ, ತಲೆಗೆ ನಾಲ್ಕು ಹೊಲಿಗೆ ಬಿದ್ದ ಬಳಿಕ ಮತ್ತೊಮ್ಮೆ ಕಲಿಯಬೇಕಾಯಿತು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಸ್ವಭಾವ ಗೊತ್ತೇ ಇದೆ. ತೊಕ್ಕೊಟ್ಟಿನಲ್ಲೋ ಸೋಮೇಶ್ವರದ ದಾರಿಯಲ್ಲೋ ಬರಿದಲೆಯಲ್ಲಿ ಬೈಕ್ ಓಡಿಸುತ್ತ ಎದುರಾದವರನ್ನು ನಿಲ್ಲಿಸಿ, ತರಗತಿಯಲ್ಲಿ ಗದರಿಸಿದಂತೆಯೇ ಗದರಿಸಿದ್ದೇನೆ. ಹೀಗೆ ಉಪದೇಶ ಮಾಡುತ್ತಿದ್ದ ನನ್ನ ತಲೆಯ ಮೇಲೆ ಇದ್ದುದಾದರೂ ಏನು? ಮಗ ಬೇಡವೆಂದು ಬಿಟ್ಟುಹೋದ ಹಳೆಯ ಹೆಲ್ಮೆಟ್. ಅವನ ತಲೆ ನನ್ನದಕ್ಕಿಂತ ದೊಡ್ಡದು. "ಇದೇನು, ಕೊಡಪಾನ ಕವುಚಿ ಹಾಕಿದ ಹಾಗೆ ಕಾಣುತ್ತದೆ ನೋಡಿ, ಒಂದು ಹೊಸತು ತೆಗೆದುಕೊಳ್ಳಬಾರದೇ?" ಎಂದು ಮನೆಯವಳು ಎಷ್ಟೋ ಸಲ ಹೇಳಿದ್ದಳು. ಇರುವುದನ್ನು ಎಸೆದು ಹೊಸತು ಕೊಳ್ಳುವುದು ದುಂದುಗಾರಿಕೆ ಎಂಬ ನನ್ನ ತರ್ಕದ ಮುಂದೆ ಅವಳ ಮಾತು ನಡೆಯಲಿಲ್ಲ. ಪಟ್ಟಿಯನ್ನು ಬಿಗಿದರೆ ಗಂಟಲಿಗೆ ಒತ್ತುತ್ತಿತ್ತು. ಆದ್ದರಿಂದ ಸಡಿಲವಾಗಿಯೇ ಬಿಡುತ್ತಿದ್ದೆ.

ನಿವೃತ್ತನಾದ ಮರುವರ್ಷದ ಆಟಿ ತಿಂಗಳು. ಮಳೆ ಆಗಷ್ಟೇ ಬಿಟ್ಟಿತ್ತು. ಉಳ್ಳಾಲದಿಂದ ತೊಕ್ಕೊಟ್ಟಿಗೆ ಹೋಗುವ ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದಿತು, ಬ್ರೇಕ್ ಒತ್ತಿದೆ, ಸ್ಕೂಟರ್ ಜಾರಿತು. ನಾನು ನೆಲಕ್ಕೆ ಬೀಳುವ ಮೊದಲೇ ಹೆಲ್ಮೆಟ್ ನನ್ನನ್ನು ಬಿಟ್ಟು ಚರಂಡಿಯ ಕಡೆಗೆ ಉರುಳಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುತ್ತಿದ್ದ ತರುಣ ವೈದ್ಯೆ ಕೇಳಿದಳು: "ಹೆಲ್ಮೆಟ್ ಇತ್ತೇ ಸರ್?" "ಇತ್ತಮ್ಮಾ" ಎಂದೆ. "ಹಾಗಾದರೆ ಈ ಗಾಯ ಹೇಗಾಯಿತು?" ಎಂದಳು. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರಶ್ನೆ ಕೇಳಿದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಖಚಿತವಾಗಿದೆ. ಹೆಲ್ಮೆಟ್ ಹಾಕಿದ್ದೀಯಾ ಎಂಬುದು ಅರ್ಧ ಪ್ರಶ್ನೆ. ಅದು ನಿನ್ನ ತಲೆಗೆ ಹೊಂದುತ್ತದೆಯೇ ಎಂಬುದು ಉಳಿದರ್ಧ. ಹೊಂದದ ಹೆಲ್ಮೆಟ್ ಎಂದರೆ ಹಾಜರಿ ಪುಸ್ತಕದಲ್ಲಿ 'ಹಾಜರು' ಎನಿಸಿಕೊಂಡು ಮನಸ್ಸನ್ನು ಕಡಲತೀರದಲ್ಲಿ ಬಿಟ್ಟು ಬಂದ ಹುಡುಗನಂತೆ. ಲೆಕ್ಕಕ್ಕೆ ಇದ್ದಾನೆ, ಪ್ರಯೋಜನಕ್ಕಿಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ ಎಂಬುದನ್ನು ನಾನು ಅರಿತದ್ದು ಆಮೇಲೆ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಶಿರಸ್ತ್ರಾಣವೆಂದರೆ ಏನೆಂದು ವಿವರಿಸುವಾಗ, ಅಪಘಾತದಲ್ಲಿ ರಕ್ಷಣೆ ಕೊಡುವಂಥ ರಚನೆ ಇರಬೇಕೆಂಬುದರ ಜೊತೆಗೆ, ಅದು ಪಟ್ಟಿಯಿಂದ ಧರಿಸಿದವನ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂದೂ ಹೇಳುತ್ತದೆ. ಎಂದರೆ, ಪಟ್ಟಿ ಬಿಗಿಯದ ಹೆಲ್ಮೆಟ್ಟು ಕಾನೂನಿನ ಕಣ್ಣಿನಲ್ಲಿ ಹೆಲ್ಮೆಟ್ಟೇ ಅಲ್ಲ! 2019ರ ತಿದ್ದುಪಡಿ ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು. ನಮ್ಮ ರಾಜ್ಯ ಅದೇ ವರ್ಷ ಅದನ್ನು 500ಕ್ಕೆ ಇಳಿಸಿತು. ನಮ್ಮ ಜನ ಈ ದಂಡಕ್ಕೆ ಹೆದರಿ ಹೆಲ್ಮೆಟ್ ಕೊಳ್ಳುತ್ತಾರೆಯೇ ಹೊರತು ತಲೆಗೆ ಹೆದರಿ ಅಲ್ಲ. ಪೊಲೀಸರಿಗೆ ತೋರಿಸಲೆಂದು ಕೊಂಡದ್ದು ಪೊಲೀಸರು ಕಾಣದಲ್ಲಿ ಕನ್ನಡಿಗೆ ತೂಗುತ್ತದೆ, ಇಲ್ಲವೇ ಮೊಣಕೈಗೆ ಏರುತ್ತದೆ.

ಒತ್ತುವ, ಜಾರುವ, ಬೆವರಿಸುವ ಹೆಲ್ಮೆಟ್ಟನ್ನು ಯಾರೂ ಬಹಳ ದಿನ ಧರಿಸಲಾರರು. ಆದ್ದರಿಂದ ಹಿತವಾಗಿರುವುದೆಂದರೆ ಷೋಕಿಯಲ್ಲ; ಅದೇ ರಕ್ಷಣೆಯ ಮೊದಲ ಮೆಟ್ಟಿಲು. 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಸುಮಾರು ಶೇ. 69ರಷ್ಟು ತಗ್ಗಿಸುತ್ತದೆ. ಪೆಟ್ಟು ಬೀಳುವ ಕ್ಷಣದಲ್ಲಿ ಅದು ತಲೆಯ ಮೇಲಿದ್ದರೆ ತಾನೇ ಈ ಲಾಭ!

ಈ ವಸ್ತುವಿನ ಹಿಂದೆ ಒಂದು ಕಥೆಯಿದೆ. 'ಅರೇಬಿಯದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲಿನಿಂದ ಬಿದ್ದು, ತಲೆಯ ಪೆಟ್ಟಿನಿಂದ ಕೆಲವು ದಿನಗಳಲ್ಲಿ ತೀರಿಕೊಂಡರು. ಅವರನ್ನು ಉಪಚರಿಸಿದವರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯರು ಈ ಬಗೆಯ ಸಾವುಗಳ ಅಧ್ಯಯನಕ್ಕೆ ತೊಡಗಿ, 1941ರಲ್ಲಿ ಹೆಲ್ಮೆಟ್ಟಿನ ಮಹತ್ತ್ವವನ್ನು ತೋರಿಸುವ ಲೇಖನ ಪ್ರಕಟಿಸಿದರು. 1953ರಲ್ಲಿ ಅಮೆರಿಕದ ಚಾರ್ಲ್ಸ್ ಲೊಂಬಾರ್ಡ್ ಎಂಬವರು, ಪೆಟ್ಟನ್ನು ಹೀರಿಕೊಳ್ಳುವ ಒಳಪದರವುಳ್ಳ ಹೆಲ್ಮೆಟ್ಟಿಗೆ ಪೇಟೆಂಟ್ ಪಡೆದರು. ಇಂದು ನಾವು ಒಳಗೆ ಕಾಣುವ ಥರ್ಮೋಕೋಲಿನಂಥ ಪದರವೇ ಅದರ ಜೀವ. ಅದು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಅಪಘಾತ ಕಂಡ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮರಳಿ ಬಳಸಬಾರದು.

ಇನ್ನು ಆರಿಸುವ ಬಗೆ. ದರ್ಜಿಯ ಟೇಪನ್ನು ಹುಬ್ಬಿನಿಂದ ಸುಮಾರು ಒಂದು ಅಂಗುಲ ಮೇಲೆ, ಕಿವಿಗಳ ಮೇಲ್ಭಾಗದಿಂದ ತಲೆಯ ಹಿಂದಣ ಉಬ್ಬಿನ ಸುತ್ತ ಹಿಡಿಯಿರಿ. ಬರುವ ಸೆಂಟಿಮೀಟರೇ ನಿಮ್ಮ ಅಳತೆ: 56, 58, 60 ಹೀಗೆ. ಆದರೆ ಅಂಕಿಯೊಂದೇ ಸಾಲದು. ಕೆಲವರದು ದುಂಡು ತಲೆ, ಕೆಲವರದು ಉದ್ದ ತಲೆ. ಒಂದೇ ಅಳತೆಯದು ಒಬ್ಬರಿಗೆ ಹಣೆಗೆ ಒತ್ತೀತು, ಇನ್ನೊಬ್ಬರಿಗೆ ಕಿವಿಯ ಬಳಿ ಹಿಂಡೀತು. ಧರಿಸಿ ಹತ್ತು ಹದಿನೈದು ನಿಮಿಷ ಅಂಗಡಿಯಲ್ಲೇ ಕುಳಿತಿರಿ. ಅಂಗಡಿಯವರು ಏನೆಂದುಕೊಂಡಾರೋ ಎಂಬ ಸಂಕೋಚ ಬೇಡ. ಒಂದೇ ಜಾಗದಲ್ಲಿ ನೋವು ಬಂದರೆ ಅದು ನಿಮ್ಮದಲ್ಲ. ಹೊಸದರಲ್ಲಿ ಕೆನ್ನೆಗಳು ತುಸು ಒತ್ತಿಕೊಂಡಿರಲಿ, ಮೆತ್ತೆ ಬಳಕೆಯಿಂದ ಸಡಿಲವಾಗುತ್ತದೆ. ತಲೆಯನ್ನು ಅತ್ತಿತ್ತ ತಿರುಗಿಸಿದಾಗ ಹೆಲ್ಮೆಟ್ ಜೊತೆಗೇ ತಿರುಗಬೇಕು. ಪಟ್ಟಿ ಬಿಗಿದು, ಹಿಂಬದಿಯ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅಲ್ಲೇ ಬಿಟ್ಟುಬನ್ನಿ. ನನ್ನ ಹಳೆಯದಕ್ಕೆ ಈ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು. ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆಯನ್ನು ನೋಡಲೇಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದವನ್ನು ಮಾರುವುದೇ ನಿಷಿದ್ಧ. ನೆತ್ತಿಯನ್ನಷ್ಟೇ ಮುಚ್ಚುವ ಟೊಪ್ಪಿಯಂಥವುಗಳ ಸಹವಾಸ ಬೇಡ.

ನಮ್ಮ ಕರಾವಳಿಯ ಸೆಕೆಯನ್ನು ನಾನು ಮರೆತಿಲ್ಲ. ಗಾಳಿಕಿಂಡಿಗಳಿರುವ, ಒಳಮೆತ್ತೆಯನ್ನು ಕಳಚಿ ತೊಳೆಯಬಹುದಾದ ಹೆಲ್ಮೆಟ್ಟನ್ನೇ ಆರಿಸಿರಿ. ತಿಳಿಯಾದ ಸೋಪುನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಮಳೆಗಾಲದ ಬೂಸಲು, ದುರ್ವಾಸನೆಗಳ ನೆಪವೂ ಇರದು.

ಕೊನೆಗೆ, ಈ ಬರಹಕ್ಕೆ ನಿಜವಾದ ಕಾರಣ. 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅಂದು ನಾನು ಮಾಡಿದ್ದೇನು ಗೊತ್ತೇ? ನನ್ನನ್ನು ಚರಂಡಿಯ ಬಳಿ ಬಿಟ್ಟುಹೋದ ಅದೇ ಹಳೆಯ ಹೆಲ್ಮೆಟ್ಟನ್ನು ಅಟ್ಟದಿಂದ ಇಳಿಸಿ ಮನೆಯವಳ ಕೈಗಿತ್ತೆ. ಅವಳು ಏನೂ ಹೇಳದೆ ಮಲ್ಲಿಗೆಯನ್ನು ಮುಡಿಯಿಂದ ತೆಗೆದಿಟ್ಟು ಅದನ್ನು ಹಾಕಿಕೊಂಡಳು. ನೇತ್ರಾವತಿ ಸೇತುವೆಯ ಮೇಲೆ ಗಾಳಿಗೆ ಅದು ಅಲುಗುತ್ತಿದ್ದಾಗ ಅವಳು ಒಂದು ಕೈಯಿಂದ ಅದನ್ನು ಹಿಡಿದುಕೊಂಡಿದ್ದುದನ್ನು ಕನ್ನಡಿಯಲ್ಲಿ ಕಂಡೆ. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಅಂದೇ ಮಂಗಳೂರಿನ ಅಂಗಡಿಯೊಂದರಲ್ಲಿ ಅವಳ ತಲೆಗೆ ಅಳತೆ ಹಿಡಿಸಿ, ತುರುಬನ್ನು ಕೆಳಗಿಳಿಸಿ ಕಟ್ಟಿಸಿ, ನಾಲ್ಕಾರು ಹಾಕಿಸಿ ನೋಡಿ ಅವಳಿಗೊಪ್ಪುವುದನ್ನು ಕೊಂಡೆವು. ಹಳೆಯದನ್ನು ಬೇರೆ ಯಾರೂ ತೊಡದಂತೆ ಪಟ್ಟಿ ಕತ್ತರಿಸಿ ಎಸೆದೆ.

ನಮ್ಮ ಎಷ್ಟು ಮನೆಗಳಲ್ಲಿ ಒಳ್ಳೆಯದು ಓಡಿಸುವವನಿಗೆ, ಉಳಿದದ್ದು ಹಿಂದೆ ಕುಳಿತವಳಿಗೆ! ಬೀಳುವಾಗ ರಸ್ತೆ ಈ ಭೇದ ಮಾಡುವುದಿಲ್ಲ. ತಲೆಗೆ ವಸ್ತ್ರ ಸುತ್ತಿಕೊಳ್ಳುವ ನನ್ನ ವಿದ್ಯಾರ್ಥಿನಿಯರಿಗೂ ಒಂದು ಮಾತು: ಆ ವಸ್ತ್ರ ಸುತ್ತಿಕೊಂಡೇ ಅಳತೆ ನೋಡಿರಿ. ಮಕ್ಕಳಿಗೆ ಮುಂದೆ ಬೆಳೆದಾರೆಂದು ದೊಡ್ಡದನ್ನು ಕೊಳ್ಳಬೇಡಿ, ಅದು ಸಮವಸ್ತ್ರವಲ್ಲ.

ಈ ವಾರ ಮನೆಯ ಹೆಲ್ಮೆಟ್ಟುಗಳನ್ನೆಲ್ಲ ಹೊರಗಿಡಿ. ಒಬ್ಬೊಬ್ಬರೂ ತಮ್ಮದನ್ನು ಧರಿಸಿ, ಪಟ್ಟಿ ಬಿಗಿದು, ಹಿಂದಿನಿಂದ ಎತ್ತಿ ನೋಡಲಿ. ನಿಮ್ಮ ಹಳೆಯ ಮಾಷ್ಟ್ರು ಕೊಡುವ ಮನೆಪಾಠ ಇಷ್ಟೇ. ಎಲ್ಲರಿಗೂ ಒಳಿತಾಗಲಿ.